ಅಮಾಸೆಗೊಂದು ಸೂಜಿ, ಹುಣ್ಣಿಮೆಗೊಂದು ಸೂಜಿ: ಉಬ್ಬಸದ ಮದ್ದು ಊರಿಂದೂರಿಗೆ ಯಾಕೆ ಬದಲಾಗುತ್ತದೆ?

ಅಮಾವಾಸ್ಯೆ ಹತ್ತಿರವಾಯಿತೆಂದು ನಮ್ಮ ಸೋದರತ್ತೆಗೆ ಪಂಚಾಂಗ ಹೇಳಬೇಕಾಗಿರಲಿಲ್ಲ. ಎದೆಯೇ ಹೇಳುತ್ತಿತ್ತು. "ಅಮಾಸೆ ಬತ್ತಾದೆ ಕಣ್ಲಾ, ಉಸ್ರು ಕಟ್ಕಂಡದೆ" ಎಂದು ಗೋಡೆಗೆ ಒರಗಿದಳೆಂದರೆ ರಾತ್ರಿಯೆಲ್ಲ ಹಾಗೇ ಕೂತಿರುತ್ತಿದ್ದಳು. ಮಲಗಿದರೆ ಎದೆಯಲ್ಲಿ ಗೊರಗೊರ. ಬೆಳಗಾದರೆ ಪಾಂಡವಪುರದ ಬಸ್ಸು, ಪೇಟೆಯ ಒಂದು ಕ್ಲಿನಿಕ್ಕು, ಎರಡು ಸೂಜಿ, ಕಾಗದದ ಪೊಟ್ಟಣದಲ್ಲಿ ಮೂರು ದಿನದ ಮಾತ್ರೆ. ಸಂಜೆಯ ಹೊತ್ತಿಗೆ ಮುದ್ದೆ ಕಟ್ಟುತ್ತ "ಈಗ ಹೂವಿನಂಗಾಯ್ತು ನೋಡು" ಎನ್ನುವಳು. ಹದಿನೈದು ದಿನಕ್ಕೆ ಹುಣ್ಣಿಮೆ. ಮತ್ತೆ ಅದೇ ಗೋಡೆ, ಅದೇ ಬಸ್ಸು, ಅದೇ ಸೂಜಿ.

ಉಬ್ಬಸಕ್ಕೂ ಚಂದ್ರನಿಗೂ ನಂಟಿದೆಯೆಂದು ನಮ್ಮ ಕಡೆ ಬಹಳ ಜನ ನಂಬುತ್ತಾರೆ. ನನಗೆ ಕಂಡದ್ದು ಇಷ್ಟು: ಸೂಜಿಯ ಜೋರು ಇಳಿದು, ಶ್ವಾಸನಾಳದ ಒಳಗಿನ ಊತ ಮತ್ತೆ ಏರಿ, ತಡೆಯಲಾರದ ಹಂತಕ್ಕೆ ಬರಲು ಅವಳಿಗೆ ಹೆಚ್ಚುಕಡಿಮೆ ಒಂದು ಪಕ್ಷ ಹಿಡಿಯುತ್ತಿತ್ತು. ಚಂದ್ರ ಬರೀ ಸಾಕ್ಷಿ.

ಆ ಎರಡು ಸೂಜಿಯಲ್ಲಿ ಒಂದು ಡೆರಿಫಿಲಿನ್, ಇನ್ನೊಂದು ಡೆಕ್ಸಾಮೆಥಾಸೋನ್. ಸಣ್ಣ ಊರುಗಳ ಕ್ಲಿನಿಕ್ಕುಗಳಲ್ಲಿ ಬಹುಕಾಲದಿಂದ ಜೋಡೆತ್ತಿನ ಹಾಗೆ ನಡೆದುಬಂದ ಜೋಡಿ. ಮೊದಲನೆಯದು ಬಿಗಿದ ಸ್ನಾಯುವನ್ನು ಸಡಿಲಿಸುತ್ತದೆ. ಎರಡನೆಯದು ಸ್ಟೀರಾಯ್ಡ್, ಊತವನ್ನೇ ಇಳಿಸುತ್ತದೆ. ಡೆಕ್ಸಾದ ಎರಡು ಮಿಲಿಲೀಟರ್ ಬಾಟಲಿಯಲ್ಲಿ ಇರುವುದು 8 ಮಿಲಿಗ್ರಾಂ. ವೈದ್ಯಕೀಯ ಪುಸ್ತಕಗಳ ಲೆಕ್ಕದಲ್ಲಿ 0.75 ಮಿ.ಗ್ರಾಂ ಡೆಕ್ಸಾ ಅಂದರೆ ಮಾತ್ರೆಯಾಗಿ ನುಂಗುವ ಸ್ಟೀರಾಯ್ಡ್ ಪ್ರೆಡ್ನಿಸೊಲೋನ್‌ನ 5 ಮಿ.ಗ್ರಾಂ. ಹಾಗಾಗಿ ಒಂದೊಂದು ಸೂಜಿಗೆ ಸುಮಾರು 53 ಮಿ.ಗ್ರಾಂ ಪ್ರೆಡ್ನಿಸೊಲೋನ್ ಬಿತ್ತು. ಅಮಾಸೆಗೊಂದು ಹುಣ್ಣಿಮೆಗೊಂದು ಎಂದರೆ ವರ್ಷಕ್ಕೆ 24. ಒಟ್ಟು 1,270 ಮಿ.ಗ್ರಾಂ ದಾಟುತ್ತದೆ. ಪೊಟ್ಟಣದ ಮಾತ್ರೆ ಈ ಲೆಕ್ಕಕ್ಕೆ ಸೇರಿಲ್ಲ. ಸೇರಿಸುವುದಾದರೂ ಹೇಗೆ, ಅದರ ಮೇಲೆ ಹೆಸರೇ ಇರುತ್ತಿರಲಿಲ್ಲ.

ಈ ಸಂಖ್ಯೆಯನ್ನು ಯಾವುದರ ಪಕ್ಕ ಇಟ್ಟು ನೋಡಬೇಕು? ಬ್ರಿಟನ್ನಿನ ಆಸ್ತಮಾ ರೋಗಿಗಳ ವೈದ್ಯಕೀಯ ದಾಖಲೆಗಳನ್ನು ಜಾಲಾಡಿ 2018ರಲ್ಲಿ ಪ್ರಕಟವಾದ ಅಧ್ಯಯನವೊಂದಿದೆ. ಜೀವಮಾನದಲ್ಲಿ ಒಟ್ಟು ಅರ್ಧ ಗ್ರಾಂನಿಂದ ಒಂದು ಗ್ರಾಂ ಸ್ಟೀರಾಯ್ಡ್ ಹೊಟ್ಟೆಗೆ ಹೋದವರಲ್ಲೇ ಸಕ್ಕರೆ ಕಾಯಿಲೆ, ಮೂಳೆ ಸವೆತ, ಕಣ್ಣಿನ ಪೊರೆ, ಹೃದಯದ ತೊಂದರೆಗಳ ಅಪಾಯ ಏರಲು ಶುರುವಾಗುತ್ತದೆ ಎಂದು ಅದು ತೋರಿಸಿತು. ಐದಾರು ದಿನದ ಮಾತ್ರೆಯ ಲೆಕ್ಕದಲ್ಲಿ ಅದು ನಾಲ್ಕೇ ನಾಲ್ಕು ಸರ್ತಿ. ಇಡೀ ಜೀವಮಾನಕ್ಕೆ ಅಂದ ಮಾತು ಅದು. ಅತ್ತೆ ಯುಗಾದಿಯಿಂದ ಯುಗಾದಿಗೆ ಮೊದಲೇ ಅದನ್ನು ದಾಟಿಬಿಡುತ್ತಿದ್ದಳು.

ಈಗ ಅಲ್ಲಿಂದ ಈಚೆ ಬನ್ನಿ. ಮೈಸೂರಿನಲ್ಲಿ ನಮ್ಮ ಬೀದಿಯ ನಿವೃತ್ತ ಮೇಷ್ಟ್ರೊಬ್ಬರಿಗೂ ಅದೇ ಕಾಯಿಲೆ, ಅದೇ ವಯಸ್ಸು. ಅವರು ಬೆಳಿಗ್ಗೆ ಎರಡು ಸಲ, ರಾತ್ರಿ ಎರಡು ಸಲ ಇನ್ಹೇಲರ್ ಎಳೆದು, ಬಾಯಿ ಮುಕ್ಕಳಿಸಿ, ವಾಕಿಂಗಿಗೆ ಹೋಗುತ್ತಾರೆ. ಸ್ಟೀರಾಯ್ಡ್ ಮಾತ್ರೆ ನುಂಗಿದ್ದು ಯಾವಾಗಲೋ ಒಂದು ಸಲ, ಅದೂ ಜ್ವರ ಬಂದು ಕೆಟ್ಟಾಗ. ಕಾಯಿಲೆಗೆ ಮೈಸೂರು ಮಂಡ್ಯ ಎಂಬ ಭೇದವಿಲ್ಲ. ಉಸಿರು ಕಟ್ಟಿದಾಗ ಯಾರ ಬಾಗಿಲು ಮೊದಲು ಸಿಗುತ್ತದೆ ಎನ್ನುವುದರಲ್ಲಿ ಭೇದ ಇದೆ.

ಇದು ನಮ್ಮ ನಾಡಿಗೆ ಮಾತ್ರ ಅಂಟಿದ ಕಳಂಕ ಎಂದುಕೊಳ್ಳಬೇಡಿ. ಫ್ರಾನ್ಸ್, ಜರ್ಮನಿ, ಇಟಲಿ, ಬ್ರಿಟನ್ ನಾಲ್ಕನ್ನೂ ಪಕ್ಕಪಕ್ಕ ಇಟ್ಟು ನೋಡಿದ, 2020ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಆಸ್ತಮಾ ರೋಗಿಗಳ ಪೈಕಿ ಸ್ಟೀರಾಯ್ಡ್ ಮಾತ್ರೆ ಬರೆಸಿಕೊಂಡವರ ಪ್ರಮಾಣ ದೇಶದಿಂದ ದೇಶಕ್ಕೆ ಶೇ 14ರಿಂದ ಶೇ 44ರವರೆಗೆ ಏರುಪೇರಾಗಿತ್ತು. ಒಬ್ಬರ ಮನೆಯಿಂದ ಇನ್ನೊಬ್ಬರ ಮನೆಗೆ ರೈಲಿನಲ್ಲಿ ಹೋಗಿಬರುವಷ್ಟು ಹತ್ತಿರದ, ದುಡ್ಡಿದ್ದ ದೇಶಗಳು. ಅಲ್ಲಿನ ಶ್ವಾಸಕೋಶಗಳು ಮೂರು ಪಟ್ಟು ಬೇರೆಯಾಗಿರಲು ಸಾಧ್ಯವಿಲ್ಲ. ವೈದ್ಯರ ರೂಢಿ, ಮದ್ದಿನ ಬೆಲೆ, ವಿಮೆ, ತಜ್ಞರ ಅಪಾಯಿಂಟ್‌ಮೆಂಟ್ ಎಷ್ಟು ದಿನಕ್ಕೆ ಸಿಗುತ್ತದೆ ಎಂಬುದು, ಇವೇ ಆ ಅಂತರವನ್ನು ಹುಟ್ಟಿಸುವುದು. ಹಾಗಾಗಿ ಒಂದು ಸೀಮೆಯಲ್ಲಿ ಆಸ್ತಮಾವನ್ನು ಹೇಗೆ ನೋಡಿಕೊಳ್ಳುತ್ತಿದ್ದಾರೆಂದು ತಿಳಿಯಬೇಕಾದರೆ ಅಲ್ಲಿ ಎಷ್ಟು ಜನ ತಜ್ಞರಿದ್ದಾರೆಂದು ಎಣಿಸುವುದಕ್ಕಿಂತ ಎಷ್ಟು ಸ್ಟೀರಾಯ್ಡ್ ಮಾತ್ರೆ ಖರ್ಚಾಗುತ್ತಿದೆ ಎಂದು ಎಣಿಸುವುದು ಒಳ್ಳೆಯದು ಎಂಬುದು ನನ್ನ ವಾದ. ಸ್ಟೀರಾಯ್ಡ್ ಮಾತ್ರೆ ಹೆಚ್ಚು ಖರ್ಚಾಗುತ್ತಿದ್ದರೆ ದಿನನಿತ್ಯದ ಮದ್ದು ಕೈಕೊಟ್ಟಿದೆ ಎಂದೇ ಅರ್ಥ.

ಸ್ವೀಡನ್‌ನಲ್ಲಿ ಎಣಿಸುತ್ತಾರೆ. 2005ರ ಜುಲೈನಿಂದ ಅಲ್ಲಿ ಚೀಟಿಯ ಮೇಲೆ ಮಾರಾಟವಾಗುವ ಪ್ರತಿ ಮದ್ದೂ ರಾಷ್ಟ್ರೀಯ ದಾಖಲೆಗೆ ಸೇರುತ್ತದೆ. ಯಾವ ಜಿಲ್ಲೆಯಲ್ಲಿ ಇನ್ಹೇಲರ್ ಹೆಚ್ಚು, ಯಾವ ಜಿಲ್ಲೆಯಲ್ಲಿ ಮಾತ್ರೆ ಹೆಚ್ಚು ಎಂದು ನಕ್ಷೆ ಬರೆಯಬಹುದು. ನಮ್ಮಲ್ಲಿ ಆ ದಾಖಲೆಯ ಜಾಗದಲ್ಲಿ ಇರುವುದು ಕತ್ತರಿ.

ಹೌದು, ಮೆಡಿಕಲ್ ಸ್ಟೋರಿನ ಗಲ್ಲಾಪೆಟ್ಟಿಗೆಯ ಪಕ್ಕ ದಾರ ಕಟ್ಟಿ ನೇತುಹಾಕಿದ ಕತ್ತರಿ. ಆಸ್ತಮಾದ ವಿಷಯದಲ್ಲಿ ನಾನು ಕಂಡ ಅತ್ಯಂತ ಪ್ರಭಾವಶಾಲಿ ಉಪಕರಣ ಅದೇ. "ಅಣ್ಣ, ದಮ್ಮಿಗೆ ಎರಡು ಡೋಸ್ ಕೊಡಿ" ಎಂದರೆ ಸಾಕು. ಒಂದು ಪಟ್ಟಿಯಿಂದ ನಾಲ್ಕು, ಇನ್ನೊಂದರಿಂದ ಎರಡು, ಹೊಟ್ಟೆ ಉರಿಯದಿರಲಿ ಎಂದು ಮತ್ತೊಂದು. ಕತ್ತರಿ ಆಡಿದ ಮೇಲೆ ಮದ್ದಿನ ಹೆಸರು ಒಂದು ತುಂಡಿನಲ್ಲಿ ಉಳಿಯುತ್ತದೆ, ಅವಧಿ ಮುಗಿಯುವ ತಾರೀಖು ಇನ್ನೊಂದರಲ್ಲಿ. ನಮ್ಮ ಕೈಗೆ ಬರುವ ತುಂಡಿನಲ್ಲಿ ಎರಡೂ ಇರದಿರುವುದೇ ಹೆಚ್ಚು. ಬಿಲ್ಲು ಕೇಳುವವರಿಲ್ಲ, ಕೊಡುವವರಿಲ್ಲ. ಸ್ಟೀರಾಯ್ಡ್ ಮಾತ್ರೆಯನ್ನು ವೈದ್ಯರ ಚೀಟಿ ಇಲ್ಲದೆ ಮಾರಬಾರದು ಎಂದು ಕಾನೂನಿದೆ. ಪಟ್ಟಿಯ ಹಿಂದೆ ಕೆಂಪು ಗೆರೆಯೂ ಎಚ್ಚರಿಕೆಯೂ ಇರುತ್ತವೆ. ಆ ಎಚ್ಚರಿಕೆ ಕೂಡ ಕತ್ತರಿಗೆ ಸಿಕ್ಕಿ ಅರ್ಧರ್ಧ ಆಗುತ್ತದೆ.

ಅಂಗಡಿಯವನು ಕೆಟ್ಟವನೆಂದು ಹೇಳಿ ಕೈತೊಳೆದುಕೊಳ್ಳುವುದು ಸುಲಭ. ಆದರೆ ಕೂಲಿಗೆ ಹೋಗುವವರ ಲೆಕ್ಕ ಹಾಕಿ ನೋಡಿ. ಪ್ರೆಡ್ನಿಸೊಲೋನ್ ಮಾತ್ರೆಯೊಂದಕ್ಕೆ ಒಂದೂವರೆ ಎರಡು ರೂಪಾಯಿ. ಐದು ದಿನಕ್ಕೆ ಬೇಕಾದದ್ದನ್ನೆಲ್ಲ ಕೊಂಡರೂ ಒಂದು ಹೊತ್ತಿನ ಹೋಟೆಲ್ ಊಟದ ದುಡ್ಡು. ಎರಡು ಮದ್ದು ಕೂಡಿದ ಇನ್ಹೇಲರ್ ಬೇಕೆಂದರೆ ಖಾಸಗಿ ಅಂಗಡಿಯಲ್ಲಿ ಒಂದೇ ಸಲಕ್ಕೆ ನಾನೂರರ ಮೇಲೆ ಎಣಿಸಬೇಕು. ಇನ್ಹೇಲರನ್ನು ಕತ್ತರಿಯಲ್ಲಿ ಕತ್ತರಿಸಿ "ಎರಡು ದಿನದ್ದು ಕೊಡಿ" ಎನ್ನಲು ಬರುವುದಿಲ್ಲ. ಚಿಲ್ಲರೆಯಾಗಿ ಬದುಕುವವರಿಗೆ ಸಗಟಿನಲ್ಲಿ ಮಾರುವ ಮದ್ದು ಅದು. ಪುಡಿಮದ್ದನ್ನು ಉಸಿರಿನಲ್ಲಿ ಎಳೆದುಕೊಳ್ಳುವ ರೋಟಾಹೇಲರ್ ಡಬ್ಬಿಗೆ ಹಾಕುವ ಪುಡಿ ತುಂಬಿದ ಕ್ಯಾಪ್ಸೂಲುಗಳು ನಮ್ಮ ದೇಶದಲ್ಲಿ ಅಷ್ಟು ಜನಪ್ರಿಯವಾಗಿರುವುದಕ್ಕೆ ಇದೂ ಒಂದು ಕಾರಣ: ಒಂದು ಡಬ್ಬಿ ಇದ್ದರೆ ಕ್ಯಾಪ್ಸೂಲನ್ನು ಕೈಯಲ್ಲಿ ಕಾಸಿದ್ದಾಗ ಕೊಳ್ಳಬಹುದು.

ವ್ಯಂಗ್ಯ ಏನೆಂದರೆ, ಜನ ಹೆದರುವ ಆ ಇನ್ಹೇಲರಿನಲ್ಲಿ ಇರುವುದೂ ಸ್ಟೀರಾಯ್ಡೇ. ಎಷ್ಟು? 200 ಮೈಕ್ರೋಗ್ರಾಂ ಬುಡೆಸೊನೈಡ್ ದಿನಕ್ಕೆ ಎರಡು ಸಲ ಎಳೆದರೆ ವರ್ಷವಿಡೀ ಸೇರಿ 146 ಮಿಲಿಗ್ರಾಂ. ದಿನಕ್ಕೆ 40 ಮಿ.ಗ್ರಾಂನಂತೆ ಐದು ದಿನ ಪ್ರೆಡ್ನಿಸೊಲೋನ್ ನುಂಗಿದರೆ 200. ಮಿಲಿಗ್ರಾಂಗೆ ಮಿಲಿಗ್ರಾಂ ಹೋಲಿಸುವುದು ಪೂರ್ತಿ ಸರಿಯಲ್ಲ, ಬುಡೆಸೊನೈಡ್‌ನ ಶಕ್ತಿ ಹೆಚ್ಚು. ಆದರೆ ಅದು ನೇರ ಶ್ವಾಸನಾಳಕ್ಕೆ ಹೋಗುತ್ತದೆ. ಗಂಟಲಿಗೆ ಅಂಟಿ ಹೊಟ್ಟೆಗೆ ಇಳಿದ ಪಾಲನ್ನು ಯಕೃತ್ತು ಮೊದಲ ಸುತ್ತಿನಲ್ಲೇ ಸುಮಾರು ಶೇ 90ರಷ್ಟು ಒಡೆದುಹಾಕುತ್ತದೆ. ಮಾತ್ರೆ ಹಾಗಲ್ಲ, ಕಾಲಿನ ಹೆಬ್ಬೆರಳಿನವರೆಗೂ ಪ್ರಯಾಣ ಮಾಡುತ್ತದೆ. ಕಬ್ಬಿನ ಗದ್ದೆಯ ಒಂದು ಸಾಲಿಗೆ ನೀರು ಬೇಕಾದರೆ ಆ ಸಾಲಿನ ಮಡೆ ತೆಗೆಯುತ್ತೇವೆ, ಯಾರೂ ನಾಲೆಯ ಏರಿ ಒಡೆಯುವುದಿಲ್ಲ. ಮದ್ದಿನ ವಿಷಯದಲ್ಲಿ ಮಾತ್ರ ಏರಿ ಒಡೆಯುವುದನ್ನು ರೂಢಿ ಮಾಡಿಕೊಂಡಿದ್ದೇವೆ.

ಹಾಗಂತ ಮಾತ್ರೆಯನ್ನೇ ದೂರುವುದು ಅನ್ಯಾಯ. ಕಾರ್ಟಿಸೋನ್ ಕುಟುಂಬದ ಮದ್ದುಗಳು ಬರುವ ಮೊದಲು ಜೋರಾದ ಉಬ್ಬಸಕ್ಕೆ ವೈದ್ಯರ ಕೈಯಲ್ಲಿ ಹೆಚ್ಚೇನೂ ಇರಲಿಲ್ಲ. ಆ ಹಾರ್ಮೋನುಗಳ ಕೆಲಸಕ್ಕಾಗಿ 1950ರಲ್ಲಿ ಹೆಂಚ್, ಕೆಂಡಾಲ್, ರೈಕ್‌ಸ್ಟೈನ್ ಮೂವರಿಗೆ ನೊಬೆಲ್ ಬಂತು. ಮಾತು ಪೂರ್ತಿ ಮಾಡಲಾಗದಷ್ಟು ಉಸಿರು ಕಟ್ಟಿದವರಿಗೆ ಇಂದಿಗೂ ಅದೇ ಪ್ರಾಣ ಉಳಿಸುವ ಮದ್ದು. ಕೆಲವು ಗಂಟೆಗಳಲ್ಲಿ ಊತ ಇಳಿಯುತ್ತದೆ, ಹಸಿವಾಗುತ್ತದೆ, ಮೈಗೆ ಹುರುಪು ಬರುತ್ತದೆ. ಮಾತ್ರೆ ಮೋಸ ಮಾಡುವುದಿಲ್ಲ, ನಿಜಕ್ಕೂ ಗುಣ ಕಾಣಿಸುತ್ತದೆ. ಕಾಣಿಸುವುದರಿಂದಲೇ ಎಡವಟ್ಟು. ಇನ್ಹೇಲರಿನ ಸ್ಟೀರಾಯ್ಡ್ ತನ್ನ ಕೆಲಸ ತೋರಿಸಲು ದಿನಗಳು, ವಾರಗಳು ಬೇಕು. ಮೊದಲ ದಿನವೇ ಹೂವಿನಂತಾಗುವುದಿಲ್ಲ. ನಾಳೆ ಬೆಳಿಗ್ಗೆ ನಾಟಿಗೆ ಹೋಗಬೇಕಾದವಳಿಗೆ ಮುಂದಿನ ತಿಂಗಳ ಸುಖದ ಮಾತು ಹೇಳಿ ಒಪ್ಪಿಸುವುದು ವೈದ್ಯರಿಗೂ ಸುಲಭವಲ್ಲ, ಹೊರಗೆ ನಲವತ್ತು ಜನ ಕಾದು ಕೂತಿರುವಾಗ.

ಕೆಲವರು ಹತ್ತಿರದ ದಾರಿ ಎಂದು, ಬಿಗಿದ ಸ್ನಾಯುವನ್ನಷ್ಟೇ ಸಡಿಲಿಸುವ ಸಾಲ್ಬುಟಮಾಲ್ ಮಾತ್ರೆ, ಸಿರಪ್ಪು ಬರೆಯುತ್ತಾರೆ. 4 ಮಿಲಿಗ್ರಾಂನ ಒಂದು ಮಾತ್ರೆಯೆಂದರೆ ಇನ್ಹೇಲರಿನ 100 ಮೈಕ್ರೋಗ್ರಾಂನ 40 ಪಫ್. ಕೈ ನಡುಗುತ್ತದೆ, ಎದೆ ಡವಗುಟ್ಟುತ್ತದೆ, ಒಳಗಿನ ಊತ ಮಾತ್ರ ಇದ್ದಲ್ಲೇ ಇರುತ್ತದೆ. ಅದೇ ಮದ್ದಿನ ನೀಲಿ ಬಣ್ಣದ ಇನ್ಹೇಲರಿನ ಕತೆಯೂ ಬೇರೆಯಲ್ಲ. ಸ್ನಾಯು ಸಡಿಲಿಸುತ್ತದೆ, ನಾಲ್ಕಾರು ಗಂಟೆ ನೆಮ್ಮದಿ. ಅದೊಂದನ್ನೇ ನಂಬಿದರೆ ಏನಾಗುತ್ತದೆ ಎಂಬುದಕ್ಕೆ ನ್ಯೂಜಿಲೆಂಡ್ ಭಾರಿ ಬೆಲೆ ತೆತ್ತಿದೆ. ಅಲ್ಲಿ 1976ರಲ್ಲಿ ಫೆನೊಟೆರಾಲ್ ಎಂಬ ಜೋರಿನ ಇನ್ಹೇಲರ್ ಬಂದ ಮೇಲೆ ಆಸ್ತಮಾ ಸಾವುಗಳು ಏರಿದವು. 1989ರಲ್ಲಿ ಸಂಶೋಧಕರು ಬೆರಳು ತೋರಿಸಿ, ಅದರ ಬಳಕೆಗೆ ಕಡಿವಾಣ ಬಿದ್ದ ಮೇಲೆ ಸಾವು ಇಳಿಯಿತು. ಬ್ರಿಟನ್ನಿನಲ್ಲಿ 195 ಆಸ್ತಮಾ ಸಾವುಗಳನ್ನು ಒಂದೊಂದಾಗಿ ಕೆದಕಿ ನೋಡಿದ ವರದಿ 2014ರಲ್ಲಿ ಬಂತು. ಈ ಬಗೆಯ ತಕ್ಷಣದ ಇನ್ಹೇಲರ್ ಬಳಸುತ್ತಿದ್ದವರಲ್ಲಿ ಶೇ 39 ಮಂದಿಗೆ ಸಾಯುವ ಹಿಂದಿನ ವರ್ಷದಲ್ಲಿ ಅದನ್ನು 12ಕ್ಕಿಂತ ಹೆಚ್ಚು ಬರೆದುಕೊಡಲಾಗಿತ್ತು. 2019ರಲ್ಲಿ ಆಸ್ತಮಾದ ಜಾಗತಿಕ ಮಾರ್ಗಸೂಚಿಯೇ ಬದಲಾಯಿತು: ದೊಡ್ಡವರಿಗೂ ಹರೆಯದವರಿಗೂ ಬರೀ ಸಾಲ್ಬುಟಮಾಲ್‌ನಂಥದ್ದನ್ನು ಕೊಟ್ಟು ಕಳಿಸಬೇಡಿ, ಸ್ಟೀರಾಯ್ಡ್ ಕೂಡಿದ ಇನ್ಹೇಲರನ್ನೇ ಕೊಡಿ, ಕಾಯಿಲೆ ಹಗುರವಾಗಿದ್ದರೆ ಬೇಕಾದಾಗ ಮಾತ್ರ ಎಳೆದರೂ ಸರಿ ಎಂದು. ಬುಡೆಸೊನೈಡ್ ಮತ್ತು ಸ್ನಾಯು ಸಡಿಲಿಸುವ ಫಾರ್ಮೊಟೆರಾಲ್ ಕೂಡಿದ ಒಂದೇ ಇನ್ಹೇಲರ್ ಆಪತ್ತಿಗೂ ಆಯಿತು, ದಿನನಿತ್ಯಕ್ಕೂ ಆಯಿತು. ನಮ್ಮಂಥ ಕಡೆಗೆ ಇದಕ್ಕಿಂತ ಅನುಕೂಲದ ಬದಲಾವಣೆ ಬೇರೆ ಇಲ್ಲ. ಎರಡು ಬಣ್ಣದ ಎರಡು ಡಬ್ಬಿ ಕೊಟ್ಟರೆ ಗುಣ ಬೇಗ ಕಾಣುವುದನ್ನಷ್ಟೇ ಇಟ್ಟುಕೊಂಡು ಇನ್ನೊಂದನ್ನು ಟ್ರಂಕಿನೊಳಗೆ ಹಾಕುವುದು ಮನುಷ್ಯಸಹಜ.

ನಮ್ಮ ದೇಶದ ಲೆಕ್ಕಕ್ಕೆ ಬರೋಣ. ಜಗತ್ತಿನ ಆಸ್ತಮಾ ರೋಗಿಗಳಲ್ಲಿ ಭಾರತದ ಪಾಲು ಸುಮಾರು ಶೇ 13. ಆಸ್ತಮಾ ಸಾವುಗಳಲ್ಲಿ ನಮ್ಮ ಪಾಲು ಶೇ 40ಕ್ಕೂ ಮೇಲೆ. 2019ರ ಜಾಗತಿಕ ರೋಗಭಾರದ ಅಂದಾಜು ಇದು. ಕಾಯಿಲೆ ಅಷ್ಟೇನೂ ಇಲ್ಲ, ಸಾವು ಮಾತ್ರ ವಿಪರೀತ. ಯಾಕೆ ಎಂಬುದಕ್ಕೆ ದೊಡ್ಡ ಸುಳಿವು ಸಿಕ್ಕಿದ್ದು 2022ರಲ್ಲಿ ಪ್ರಕಟವಾದ ಸಮೀಕ್ಷೆಯೊಂದರಲ್ಲಿ. ಗ್ಲೋಬಲ್ ಆಸ್ತಮಾ ನೆಟ್‌ವರ್ಕ್ ಎಂಬ ಅಂತರರಾಷ್ಟ್ರೀಯ ಸಂಶೋಧನಾ ಜಾಲದ ಜೊತೆ ನಡೆದ ಆ ಸಮೀಕ್ಷೆ ದೇಶದ ಒಂಬತ್ತು ಕೇಂದ್ರಗಳಲ್ಲಿ 1,27,000ಕ್ಕೂ ಹೆಚ್ಚು ಜನರನ್ನು ಮುಟ್ಟಿತು. ದೆಹಲಿ, ಕೋಲ್ಕತ್ತ, ಪುಣೆ, ಕೋಟ್ಟಯಂಗಳ ಜೊತೆ ನಮ್ಮ ಮೈಸೂರೂ ಒಂದು ಕೇಂದ್ರ. ಎದೆಯಲ್ಲಿ ಸುಯ್‌ಗುಟ್ಟುವ ಲಕ್ಷಣ ಇದ್ದವರಲ್ಲಿ ಶೇ 82 ಮಂದಿಗೆ ತಮಗಿರುವುದು ಆಸ್ತಮಾ ಎಂದು ಯಾವ ವೈದ್ಯರೂ ಹೇಳಿರಲಿಲ್ಲ. ಲಕ್ಷಣ ತೀವ್ರವಾಗಿದ್ದವರಲ್ಲೂ ಶೇ 70 ಮಂದಿಗೆ ಹೇಳಿರಲಿಲ್ಲ. ದಿನವೂ ಸ್ಟೀರಾಯ್ಡ್ ಇನ್ಹೇಲರ್ ಬಳಸುತ್ತಿದ್ದವರು ಲಕ್ಷಣವಿದ್ದವರ ಪೈಕಿ ಶೇ 2.5ಕ್ಕಿಂತ ಕಡಿಮೆ. "ಆಸ್ತಮಾ ಇದೆ" ಎಂದು ವೈದ್ಯರಿಂದ ಹೇಳಿಸಿಕೊಂಡವರ ಪೈಕಿಯೂ ಶೇ 10 ಮುಟ್ಟಲಿಲ್ಲ.

ಈ ಕೊನೆಯ ಸಂಖ್ಯೆಯ ಮೇಲೆ ಸ್ವಲ್ಪ ಹೊತ್ತು ನಿಲ್ಲಬೇಕು. ಕಾಯಿಲೆಯ ಹೆಸರು ಗೊತ್ತಿರುವ ಹತ್ತು ಜನರಲ್ಲಿ ಒಂಬತ್ತು ಜನ ಅದರ ಮುಖ್ಯ ಮದ್ದನ್ನು ದಿನವೂ ತೆಗೆದುಕೊಳ್ಳುತ್ತಿಲ್ಲ. ಹಾಗಾದರೆ ಉಬ್ಬಸ ಏರಿದಾಗ ಅವರು ಬದುಕಿ ಉಳಿಯುತ್ತಿರುವುದು ಯಾವುದರಿಂದ? ಸೂಜಿಯಿಂದ, ಪೊಟ್ಟಣದಿಂದ, ದ್ರವ ಮದ್ದನ್ನು ಹೊಗೆಯಂತೆ ಮಾಡಿ ಎಳೆಸುವ ನೆಬುಲೈಸರ್ ಯಂತ್ರದಿಂದ.

ಹೆಸರು ಹೇಳದಿರುವುದಕ್ಕೆ ನಮ್ಮ ಸೀಮೆಯಲ್ಲಿ ಒಂದು ಹಳೆಯ ಕಾರಣವಿದೆ: ಕ್ಷಯ. ಮೈಸೂರಿನ ಕ್ಷಯ ಆಸ್ಪತ್ರೆ ನಾಲ್ವಡಿ ಕೃಷ್ಣರಾಜ ಒಡೆಯರ್ ಅವರ ಸೋದರಿ ಕೃಷ್ಣಾಜಮ್ಮಣ್ಣಿ ಅವರ ಹೆಸರಿನಲ್ಲಿದೆ; ಅವರನ್ನೂ ಅವರ ಹೆಣ್ಣುಮಕ್ಕಳನ್ನೂ ಕ್ಷಯ ಬಲಿ ತೆಗೆದುಕೊಂಡಿತ್ತು. ಅರಮನೆಯನ್ನೇ ಬಿಡದ ಆ ರೋಗದ ಭಯದ ಮೇಲೆ ನಮ್ಮ ಕೆಮ್ಮಿನ ವ್ಯವಸ್ಥೆಯೆಲ್ಲ ನಿಂತಿದೆ. ಎರಡು ವಾರ ಕೆಮ್ಮಿದರೆ ಕಫ ಪರೀಕ್ಷೆ, ಎದೆಯ ಎಕ್ಸ್‌ರೇ. ಒಳ್ಳೆಯದೇ. ಆದರೆ "ಕಫದಲ್ಲಿ ಏನೂ ಇಲ್ಲ" ಎಂದು ವರದಿ ಬಂದರೆ ಅಲ್ಲಿಗೆ ಬಾಗಿಲು ಮುಚ್ಚುತ್ತದೆ. ಆಸ್ತಮಾ ಎಕ್ಸ್‌ರೇಯಲ್ಲಿ ಸಾಮಾನ್ಯವಾಗಿ ಕಾಣುವುದೇ ಇಲ್ಲ. ಅದನ್ನು ಹಿಡಿಯಲು ಊದಿಸಿ ನೋಡಬೇಕು. ಊದಿದ ಉಸಿರಿನ ಜೋರನ್ನು ಅಳೆಯುವ ಪೀಕ್ ಫ್ಲೋ ಮೀಟರ್ ಎಂಬ, ಕೆಲವು ನೂರು ರೂಪಾಯಿಯ ಪ್ಲಾಸ್ಟಿಕ್ ಕೊಳವೆ ಇದ್ದರೂ ಬಹಳಷ್ಟು ತಿಳಿಯುತ್ತದೆ. ಬಿಪಿ ನೋಡುವ ಯಂತ್ರ ಇಲ್ಲದ ಕ್ಲಿನಿಕ್ ನಾನು ಕಂಡಿಲ್ಲ. ಆ ಕೊಳವೆ ಇರುವ ಸಣ್ಣ ಕ್ಲಿನಿಕ್ಕುಗಳನ್ನು ಒಂದು ಕೈಯ ಬೆರಳಲ್ಲಿ ಎಣಿಸಬಹುದು.

ಆಸ್ತಮಾ ಎಂಬ ಹೆಸರು ಕೊಡಲು ಇನ್ನೊಂದು ತೊಡಕಿದೆ. ನಮ್ಮ ಹೆಂಗಸರ ಉಬ್ಬಸದಲ್ಲಿ ಒಲೆಯ ಹೊಗೆಯ ಪಾಲೆಷ್ಟು, ಅಲರ್ಜಿಯ ಪಾಲೆಷ್ಟು ಎಂದು ಬಿಡಿಸುವುದು ಕಷ್ಟ. ಮೈಸೂರು ಜಿಲ್ಲೆಯ ಹಳ್ಳಿಗಳಲ್ಲೇ ನಡೆದು 2013ರಲ್ಲಿ ಪ್ರಕಟವಾದ, ಜೆಎಸ್‌ಎಸ್ ವೈದ್ಯಕೀಯ ಕಾಲೇಜಿನ ಡಾ. ಪಿ.ಎ. ಮಹೇಶ್ ಮತ್ತು ಸಂಗಡಿಗರ ಅಧ್ಯಯನ ಒಂದು ಸರಳ ಸೂಚ್ಯಂಕ ಕೊಟ್ಟಿತು. ದಿನಕ್ಕೆ ಎಷ್ಟು ಗಂಟೆ ಸೌದೆ ಒಲೆಯ ಮುಂದೆ, ಅಂಥವು ಎಷ್ಟು ವರ್ಷ ಎಂಬುದನ್ನು ಗುಣಿಸಿ. ಅದು 60 ದಾಟಿದರೆ ದೀರ್ಘಕಾಲದ ಬ್ರಾಂಕೈಟಿಸ್, ಅಂದರೆ ಶ್ವಾಸನಾಳ ಊದಿಕೊಂಡು ಬಿಡದೆ ಕಾಡುವ ಕಫ ಕೆಮ್ಮಿನ ಅಪಾಯ ಎದ್ದು ಕಾಣುತ್ತದೆ. ದಿನಕ್ಕೆ ನಾಲ್ಕು ಗಂಟೆ, ಹದಿನೈದು ವರ್ಷ. ಇಪ್ಪತ್ತಕ್ಕೆ ಮದುವೆಯಾಗಿ ಬಂದವಳು ಮೂವತ್ತೈದಕ್ಕೆ ಅರವತ್ತು ಮುಟ್ಟುತ್ತಾಳೆ. ಈಗ ಅಡುಗೆಗೆ ಗ್ಯಾಸ್ ಬಂದಿದೆ ಎನ್ನಬಹುದು. ಬಂದಿದೆ, ಆದರೆ ಬಚ್ಚಲ ಹಂಡೆಗೆ ತೆಂಗಿನ ಸೋಗೆ, ಕುರಂಬಳೆ ಉರಿಯುವುದು ಇವತ್ತಿಗೂ ನಿಂತಿಲ್ಲ. ಅದರ ಮೇಲೆ ಮಂಡ್ಯದ ಕಬ್ಬಿನ ತರಗಿಗೆ ಹಚ್ಚುವ ಬೆಂಕಿ, ಆಲೆಮನೆಯ ಕೊಪ್ಪರಿಗೆ ಕೆಳಗಿನ ಹೊಗೆ, ಅಕ್ಕಿ ಗಿರಣಿಯ ಹೊಟ್ಟಿನ ದೂಳು. ಹುಣಸೂರು, ಪಿರಿಯಾಪಟ್ಟಣದ ಕಡೆ ತಂಬಾಕು ಹದ ಮಾಡುವ ಬ್ಯಾರನ್ನುಗಳು. ರೇಷ್ಮೆ ನೂಲು ತೆಗೆಯುವವರಲ್ಲಿ ಕಸುಬಿನಿಂದಲೇ ಬರುವ ಉಬ್ಬಸವನ್ನು 1980ರ ದಶಕದಲ್ಲೇ ಸಂಶೋಧಕರು ಗುರುತಿಸಿದ್ದಾರೆ. ಎಲ್ಲದಕ್ಕೂ ಹಳ್ಳಿಯಲ್ಲಿ ಒಂದೇ ಹೆಸರು, ಗೂರಲು. ಒಂದೇ ಮದ್ದು, ಸೂಜಿ.

ಇನ್ನು ಇನ್ಹೇಲರ್ ಬಗೆಗಿನ ಅಂಜಿಕೆ. "ಪಂಪ್ ಹಿಡ್ದ ಅಂದ್ರೆ ಲಾಸ್ಟ್ ಸ್ಟೇಜು" ಎಂಬ ಮಾತನ್ನು ನಾನು ಮೈಸೂರಿನ ಓದಿದವರ ಮನೆಯಲ್ಲೂ ಕೇಳಿದ್ದೇನೆ. "ಅಭ್ಯಾಸ ಆಗ್ಬಿಡ್ತದೆ" ಎನ್ನುವುದು ಎರಡನೆಯದು. ಮದುವೆ ವಯಸ್ಸಿಗೆ ಬಂದ ಹುಡುಗಿ ಯಾರದೋ ಮದುವೆ ಮನೆಯಲ್ಲಿ ಇನ್ಹೇಲರ್ ಎಳೆಯಬೇಕಾದರೆ ಬಚ್ಚಲುಮನೆಗೆ ಹೋಗುತ್ತಾಳೆ. ಮಾತ್ರೆಯಾದರೆ ಎಲ್ಲರ ಮುಂದೆ ನುಂಗಬಹುದು, ತಲೆನೋವಿಗೆ ಎಂದರೂ ನಡೆಯುತ್ತದೆ. ಪ್ರತಿ ವರ್ಷ ಮೃಗಶಿರಾ ಮಳೆ ಕೂಡುವ ಹೊತ್ತಿಗೆ ಹೈದರಾಬಾದಿಗೆ ಹೋಗಿ ಜೀವಂತ ಮೀನು ನುಂಗಿ ಬರುವವರು ನಮ್ಮ ಕಡೆಯೂ ಇದ್ದಾರೆ. ಮೀನು ನುಂಗಲು ನಾಚಿಕೆಯಿಲ್ಲ, ಗಾಳಿ ಎಳೆಯಲು ನಾಚಿಕೆ. ಸ್ಟೀರಾಯ್ಡ್ ಎಂಬ ಪದವೂ ಗೊಂದಲ ಮಾಡಿದೆ. ಮೈಸೂರಿನ ಗರಡಿ ಹುಡುಗನಿಗೆ ಸ್ಟೀರಾಯ್ಡ್ ಎಂದರೆ ಜಿಮ್ಮಿನಲ್ಲಿ ಕದ್ದು ಚುಚ್ಚಿಕೊಳ್ಳುವ, ಮಾಂಸಖಂಡ ಬೆಳೆಸುವ ಮದ್ದು. ಅದು ಬೇರೆಯೇ ಜಾತಿ. ಆಸ್ತಮಾದ ಸ್ಟೀರಾಯ್ಡ್ ಹೆಚ್ಚಾದರೆ ಮಾಂಸಖಂಡ ಕರಗುತ್ತದೆ.

ಹೆಚ್ಚಾದಾಗ ಆಗುವುದನ್ನು ಹಳ್ಳಿಯಲ್ಲಿ ಕಣ್ಣಾರೆ ನೋಡಬಹುದು, ಕಾರಣ ಮಾತ್ರ ಬೇರೆ ಹೇಳುತ್ತಾರೆ. ಮುಖ ದುಂಡಗಾದರೆ "ಮೈ ಹಿಡಿದವಳೆ". ಸಕ್ಕರೆ ಬಂದರೆ "ಅವರ ಅಪ್ಪನಿಗೂ ಇತ್ತು". ಕಣ್ಣಿಗೆ ಪೊರೆ ಬಂದರೆ ವಯಸ್ಸು, ಸೊಂಟದ ಮೂಳೆ ಸವೆದರೆ ಬಿದ್ದದ್ದು. 2021ರ ಕೋವಿಡ್ ಎರಡನೆಯ ಅಲೆಯಲ್ಲಿ ಕಪ್ಪು ಶಿಲೀಂಧ್ರ ಬಂದಾಗ ಮೊದಲ ಸಲ ಮನೆಮನೆಗೂ ಸ್ಟೀರಾಯ್ಡಿನ ಮಾತು ಮುಟ್ಟಿತು. ಸಕ್ಕರೆ ಕಾಯಿಲೆ ಮತ್ತು ಸ್ಟೀರಾಯ್ಡ್ ಜೊತೆಗೂಡಿದರೆ ಏನಾಗಬಹುದೆಂದು ಎಲ್ಲರೂ ನೋಡಿದರು. ಆಮೇಲೆ ಮರೆತರು. ಒಂದು ಮಾತು ಇಲ್ಲಿ ಸ್ಪಷ್ಟವಾಗಿರಲಿ. ಇದನ್ನು ಓದಿ ಯಾರಾದರೂ ತಿಂಗಳುಗಟ್ಟಲೆ ನುಂಗುತ್ತಿದ್ದ ಸ್ಟೀರಾಯ್ಡನ್ನು ನಾಳೆಯೇ ನಿಲ್ಲಿಸಿದರೆ ಅದು ಇನ್ನೂ ಅಪಾಯ. ಹೊರಗಿನಿಂದ ಬರುತ್ತಿದ್ದಾಗ ದೇಹದ ಸ್ವಂತ ಕಾರ್ಖಾನೆ, ಅಂದರೆ ಮೂತ್ರಪಿಂಡದ ಮೇಲಿನ ಆಡ್ರಿನಲ್ ಗ್ರಂಥಿ, ಕೆಲಸ ನಿಲ್ಲಿಸಿರುತ್ತದೆ. ಅದನ್ನು ಮತ್ತೆ ಎಬ್ಬಿಸಲು ವೈದ್ಯರ ಉಸ್ತುವಾರಿಯಲ್ಲಿ ನಿಧಾನವಾಗಿ ಇಳಿಸಬೇಕು.

ಸರಿಪಡಿಸಲು ಆಗುವುದಿಲ್ಲವೇ? ಫಿನ್‌ಲೆಂಡ್ ಮಾಡಿ ತೋರಿಸಿದೆ. 1994ರಿಂದ 2004ರವರೆಗಿನ ಹತ್ತು ವರ್ಷದ ಕಾರ್ಯಕ್ರಮದಲ್ಲಿ ಅವರು ಹೊಸ ಆಸ್ಪತ್ರೆ ಕಟ್ಟಲು ಓಡಲಿಲ್ಲ. ಹಳ್ಳಿ ಮಟ್ಟದ ವೈದ್ಯರಿಗೆ, ದಾದಿಯರಿಗೆ, ಔಷಧಿ ಅಂಗಡಿಯವರಿಗೆ ತರಬೇತಿ ಕೊಟ್ಟು, ಸ್ಟೀರಾಯ್ಡ್ ಇನ್ಹೇಲರನ್ನು ಬೇಗ ಶುರು ಮಾಡಿಸಿದರು. ಆಸ್ಪತ್ರೆಯಲ್ಲಿ ಮಲಗುವ ದಿನಗಳು ಅರ್ಧಕ್ಕಿಂತ ಕಡಿಮೆಯಾದವು. ಔಷಧಿ ಅಂಗಡಿಯವರನ್ನು ಸೇರಿಸಿಕೊಂಡದ್ದು ನನಗೆ ಅದರಲ್ಲಿ ಮುಖ್ಯವಾಗಿ ಕಾಣುತ್ತದೆ. ಕತ್ತರಿ ಹಿಡಿದವನನ್ನು ಬಿಟ್ಟು ಮಂಡ್ಯದಲ್ಲಿ ಏನು ಮಾಡಿದರೂ ನಡೆಯುವುದಿಲ್ಲ.

ನಮ್ಮಲ್ಲಿ ಕಾಗದದ ಮೇಲೆ ಸಾಕಷ್ಟು ಆಗಿದೆ. ಬುಡೆಸೊನೈಡ್ ಮತ್ತು ಫಾರ್ಮೊಟೆರಾಲ್ ಜೋಡಿ 2022ರ ರಾಷ್ಟ್ರೀಯ ಅವಶ್ಯಕ ಔಷಧಿಗಳ ಪಟ್ಟಿಯಲ್ಲಿದೆ. ಬಿಪಿ, ಸಕ್ಕರೆಗೆಂದು ಶುರುವಾದ ಅಸಾಂಕ್ರಾಮಿಕ ರೋಗಗಳ ರಾಷ್ಟ್ರೀಯ ಕಾರ್ಯಕ್ರಮಕ್ಕೆ ಆಸ್ತಮಾವನ್ನೂ ಸಿಒಪಿಡಿಯನ್ನೂ (ಶ್ವಾಸನಾಳ ಕಾಯಂ ಆಗಿ ಕಿರಿದಾಗುವ ಕಾಯಿಲೆ) ಸೇರಿಸಿದ್ದಾರೆ. ಬಿಪಿ ಮಾತ್ರೆ ತಿಂಗಳಿಗೊಮ್ಮೆ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಸಿಗುವುದು ಈಗ ಜನಕ್ಕೆ ರೂಢಿಯಾಗಿದೆ. ಇನ್ಹೇಲರಿಗೂ ಅದೇ ರೂಢಿ ಬರಬೇಕು. ಜೊತೆಗೆ ಒಂದು ಎಣಿಕೆ. ಸ್ವೀಡನ್ನಿನ ದಾಖಲೆ ನಮಗೆ ಸದ್ಯಕ್ಕೆ ದೂರದ ಮಾತು, ಆದರೆ ಪ್ರತಿ ಸರ್ಕಾರಿ ಆಸ್ಪತ್ರೆಯ ಔಷಧಿ ಉಗ್ರಾಣದಲ್ಲಿ ದಾಸ್ತಾನು ಪುಸ್ತಕ ಇದ್ದೇ ಇದೆ. ತಿಂಗಳಿಗೆ ಡೆಕ್ಸಾ ಬಾಟಲಿ ಎಷ್ಟು ಖಾಲಿಯಾದವು, ಪ್ರೆಡ್ನಿಸೊಲೋನ್ ಎಷ್ಟು, ಸ್ಟೀರಾಯ್ಡ್ ಇನ್ಹೇಲರ್ ಎಷ್ಟು? ಡೆಕ್ಸಾ, ಪ್ರೆಡ್ನಿಸೊಲೋನ್ ಬೇರೆ ಕಾಯಿಲೆಗೂ ಹೋಗುತ್ತವೆ ನಿಜ, ಲೆಕ್ಕ ಒರಟಾಗಿಯೇ ಇರುತ್ತದೆ. ಆದರೂ ಮದ್ದೂರಿನದೊಂದು, ನಾಗಮಂಗಲದ್ದೊಂದು, ನಂಜನಗೂಡಿನದೊಂದು ಅನುಪಾತ ಪಕ್ಕಪಕ್ಕ ಬರೆದರೆ ಎಲ್ಲಿ ನೀರು ಸೋರುತ್ತಿದೆ ಎಂದು ಕಾಣುತ್ತದೆ. ಅದಕ್ಕೆ ಸಾಫ್ಟ್‌ವೇರೂ ಬೇಡ, ಸಮಿತಿಯೂ ಬೇಡ.

ಅತ್ತೆಯನ್ನು ಎರಡು ವರ್ಷದ ಹಿಂದೆ ಮೈಸೂರಿಗೆ ಕರೆತಂದು ಊದಿಸಿದೆವು. ಆಸ್ತಮಾ ಎಂದರು, ಜೊತೆಗೆ ಒಲೆಯ ಪಾಲೂ ಸ್ವಲ್ಪ ಇದೆ ಎಂದರು. ರೋಟಾಹೇಲರ್ ಕೊಟ್ಟರು. ಮೊದಲ ತಿಂಗಳು "ಇದೇನ್ಲಾ ಮಗ, ಎಳುದ್ರೆ ಏನೂ ಆಗಕಿಲ್ಲ" ಎಂದು ಬೈದಳು. ಮೂರನೆಯ ತಿಂಗಳು ಅಮಾಸೆ ಬಂದದ್ದು ಗೊತ್ತಾಗಲಿಲ್ಲ ಎಂದು ಅವಳೇ ಆಶ್ಚರ್ಯಪಟ್ಟಳು. ಈಗ ಡಬ್ಬಿ ಅವಳ ಎಲೆಅಡಿಕೆ ಚೀಲದಲ್ಲಿ, ಸುಣ್ಣದ ಡಬ್ಬಿಯ ಜೊತೆ ಇರುತ್ತದೆ. ಬಾಯಿ ಮುಕ್ಕಳಿಸಲು ಹೇಳಿಕೊಡಬೇಕಾಗಲಿಲ್ಲ, ಎಲೆ ಹಾಕುವವರಿಗೆ ಅದು ಮೊದಲೇ ಗೊತ್ತು.

ಶಕ್ತಿ ಯೋಜನೆಯ ಬಸ್ಸಿದೆ, ಟಿಕೆಟ್ಟಿನ ಚಿಂತೆಯಿಲ್ಲ. ತಿಂಗಳಿಗೊಮ್ಮೆ ಹತ್ತಿರದ ಸರ್ಕಾರಿ ಆಸ್ಪತ್ರೆಗೆ ಹೋಗಿ ಕ್ಯಾಪ್ಸೂಲು ತರುತ್ತಾಳೆ. ಕಳೆದ ಸಲ ಔಷಧಿ ಕಿಟಕಿಯಲ್ಲಿ "ಸ್ಟಾಕ್ ಬಂದಿಲ್ಲ ಅಮ್ಮ, ಮುಂದಿನ ವಾರ ಬನ್ನಿ" ಎಂದರಂತೆ. ಮುಂದಿನ ವಾರವೂ ಬಂದಿರಲಿಲ್ಲ. ಆಸ್ಪತ್ರೆಯ ಗೇಟಿನ ಎದುರಿಗೇ ಮೆಡಿಕಲ್ ಸ್ಟೋರ್ ಇದೆ. ಅತ್ತೆ ಅಲ್ಲಿ ಹೋಗಿ ಕೇಳಿದಳು. ಅವನು ಕ್ಯಾಪ್ಸೂಲಿನ ಬೆಲೆ ಹೇಳಿದ. ಇವಳು ಸೆರಗಿನ ಗಂಟು ಬಿಚ್ಚಿ ಎಣಿಸಿದಳು. ಅವನು ಕತ್ತರಿ ತೆಗೆದುಕೊಂಡ.